ಗೇಣಿನಳತೆಯ ಟ್ಯಾಂಕು

ಇವತ್ತು ಕೌಲ್ ಬಜಾರಿನ ಗೆಳೆಯನ ಅಂಗಡಿಯಲ್ಲಿ ನಾವು ಹವ್ಯಾಸಿಗಳು ಕೂಡಿದ್ದೆವು. ಯುದ್ಧ ಟ್ಯಾಂಕುಗಳ ಪುಟ್ಟ ಮಾದರಿ ಮಾಡಿ ಒಂದೇ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸುವ ಯೋಜನೆ. ಅಂಟಿನ ವಾಸನೆ ಬಂದದ್ದೇ ತಡ, ನೆನಪಿನಲ್ಲಿ ಚಿಕ್ಕಂದಿನ ಸಿರುಗುಪ್ಪದ ನಮ್ಮ ಪಡಸಾಲೆಗೆ ಹೋಗಿಬಿಟ್ಟೆ.

ಅಲ್ಲಿ ಅಪ್ಪ ಮತ್ತು ಅವರ ಗೆಳೆಯ ಖಾಜಾ ಚಾಚಾ ನನಗಾಗಿ ಕಟ್ಟಿಗೆಯ ಟ್ಯಾಂಕು ಮಾಡುತ್ತಿದ್ದರು. "ಅಗಲ ಒಂದ್ ಗೇಣಿರ್ಲಿ" ಎಂದು ಮಾತಾಗಿತ್ತು. ದೊಡ್ಡ ಕೈಯ ಚಾಚಾ ಒಡಲನ್ನು ತಮ್ಮ ಗೇಣಿನಿಂದ ಅಳೆದರು, ಅಪ್ಪ ತೋಪು ಕೂರುವ ಮೇಲಿನ ಮುಚ್ಚಳವನ್ನು ತಮ್ಮ ಗೇಣಿನಿಂದ. ಜೋಡಿಸುವಾಗ ಮುಚ್ಚಳ ಒಳಗೆ ಬಿತ್ತು.

"ಮತ್ತೊಂದು ಮಾಡಾಣ ಬಿಡಣ್ಣಾ" ಎಂದರು ಚಾಚಾ. ಅಪ್ಪ ಗರಗಸ ಎತ್ತಿಟ್ಟರು. ಅವ್ವ ಆ ಒಡಲಲ್ಲಿ ಉಳ್ಳಾಗಡ್ಡಿ ತುಂಬಿದಳು.

ಇವತ್ತು ಡಬ್ಬಿ ಬಿಚ್ಚಿದರೆ ಒಬ್ಬೊಬ್ಬರ ಮಾದರಿಯದೂ ಒಂದೊಂದು ಅಳತೆ. "ಹೆಂಗೋ ಕೂಡಸಾಣ ಬಿಡಲೇ" ಎಂದ ಗೆಳೆಯ. "ಮೊದ್ಲು ಅಳತಿ ಒಂದಾಗ್ಲಿ" ಎಂದು ನಾನು ಅಂಟಿನ ಮುಚ್ಚಳ ತಿರುಗಿಸಿ ಬಿಗಿದೆ.