ಗೋಡೆಯಾಚೆಯ ಯೆನೋ ಕಾಟ್ಸ್

ನಮ್ಮೂರಿನ ಗಡಿಯಾರ ರಿಪೇರಿಯ ಯೆನೋ ಕಾಟ್ಸ್ ಯೆಹೂದಿಯಾಗಿದ್ದೂ ಬ್ರೆಡ್ಡಿಗೆ ನಿಷಿದ್ಧವಾದ ಹಂದಿಯ ಕೊಬ್ಬನ್ನು ದಪ್ಪಗೆ ಸವರಿಕೊಂಡು ತಿನ್ನುತ್ತಿದ್ದ. ಅವರು ಕೆಲಸ ಮಾಡಬಾರದ ಶನಿವಾರವೂ ಅಂಗಡಿ ತೆರೆಯುತ್ತಿದ್ದ. ಆದರೆ ಯೆಹೂದಿಗಳ ಹಳೆಯ ಸ್ಮಶಾನದೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅವನದು ಪುರೋಹಿತರ ಕುಲ. ಗೋರಿಗಳ ಹತ್ತಿರ ಹೋದರೆ ಮೈಲಿಗೆ.

ತೊಂದರೆಯೆಂದರೆ, ಅಲ್ಲಿನ ಕಲ್ಲುಗಳನ್ನೆಲ್ಲ ಓದಿ ದಾಖಲಿಸುವ ಕೆಲಸ ಹಚ್ಚಿಕೊಂಡವನೂ ಅವನೇ. ಹಂಗೇರಿಯ ನಮ್ಮ ಕಡೆಯ ಹಳ್ಳಿಗಳಲ್ಲಿ ಹೀಬ್ರೂ ಓದಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಹಾಗಾಗಿ ಅವನು ಗೋಡೆಯ ಹೊರಗೆ ಏಣಿ ಹತ್ತಿ, ದುರ್ಬೀನು ಹಿಡಿದು ನಿಲ್ಲುತ್ತಿದ್ದ. ಹೆಂಡತಿ ಪಿರೋಷ್ಕಾ ಯೆಹೂದಿಯಲ್ಲ. ಒಳಗೆ ಹೋಗಿ ಕಲ್ಲು ಉಜ್ಜಿ, ಮಲಗುವ ಕೋಣೆಯಿಂದ ತಂದ ಕನ್ನಡಿ ಹಿಡಿದು ಓರೆಯಾಗಿ ಬಿಸಿಲು ಬಿಡುತ್ತಿದ್ದಳು. ಸವೆದ ಅಕ್ಷರಗಳು ಆಗ ಎದ್ದು ಕಾಣುತ್ತಿದ್ದವು.

"ಸ್ವಲ್ಪ ಎಡಕ್ಕೆ ತಿರುಗಿಸೇ."

"ಇಳಿದು ಬಂದು ನೀನೇ ತಿರುಗಿಸ್ಕೋ. ಬಾಯಿಗಿಲ್ಲದ ಮಡಿ ಕಾಲಿಗ್ಯಾಕೆ?"

"ಬಾಯಿ ನನ್ನದು. ಕಾಲು ಅಪ್ಪನದು."

ಯುದ್ಧದಲ್ಲಿ ಸೈನ್ಯದವರು ಬಿಟ್ಟಿ ಚಾಕರಿಗೆ ಎಳೆದೊಯ್ದ ಆ ಅಪ್ಪ ಹಿಂತಿರುಗಲಿಲ್ಲ. ಮಗನಿಗೆ ಉಳಿದದ್ದು 'ಒಳಗೆ ಹೋಗಬೇಡ' ಎಂಬ ಒಂದೇ ಮಾತು. ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಪೂರ್ತಿ ಮಸುಕಾಗುವ ಮುಂಚೆ ಅಜ್ಜ ಶ್ಮುಎಲನ ಕಲ್ಲು ಸಿಗಬೇಕೆಂಬುದು ಅವನ ಆಸೆ. ದೂರದ ಸಾಲುಗಳೆಲ್ಲ ಮುಗಿದವು. ಅಜ್ಜ ಸಿಗಲಿಲ್ಲ.

ಕೊನೆಗೆ ಯೆನೋ ಏಣಿಯ ಮೇಲೆಯೇ ಊಟಕ್ಕೆ ಕುಳಿತ. ಗೋಡೆಯ ಒಳಮೈಗೆ ಒತ್ತಿಕೊಂಡು ಬಳ್ಳಿ ಮುಚ್ಚಿದ, ಹೆಚ್ಚುಕಡಿಮೆ ಗೋಡೆಯೆತ್ತರದ ಒಂದು ದಿಬ್ಬವಿತ್ತು. ಪ್ರತಿ ಬೇಸಿಗೆಯೂ ಅವನು ಬ್ರೆಡ್ಡು, ಪ್ಲಮ್ ಹಣ್ಣಿನ ಸಾರಾಯಿ ಇಡುತ್ತಿದ್ದದ್ದು ಅದರ ನೆತ್ತಿಯ ಮೇಲೆಯೇ. ಅಂದು ಸೀಸೆ ವಾಲಿತು. ಹಿಡಿಯಲು ಬಂದ ಪಿರೋಷ್ಕಾಳ ಕೈಗೆ ಬಳ್ಳಿ ಕಿತ್ತು ಬಂತು. ಕೆಳಗೆ ಕಲ್ಲು. ಕಲ್ಲಿನಲ್ಲಿ ಹರಸುವ ಎರಡು ಕೈಗಳ ಕೆತ್ತನೆ, ಪುರೋಹಿತರ ಗುರುತು.

ಅವಳು ಕಲ್ಲು ನೋಡಿದಳು, ಗೋಡೆ ನೋಡಿದಳು, ಗಂಡನನ್ನು ನೋಡಿದಳು.

"ಒಳಗೆ ಬರೋಕಾಗದ ಮಕ್ಕಳಿಗೂ ಕಾಣ್ಲಿ ಅಂತ ನಿಮ್ಮೋರನ್ನ ಗೋಡೆ ಪಕ್ಕಾನೇ ಹೂತಿದ್ದಾರೆ ಕಣೋ, ಪೆದ್ದ. ನೀನು ದುರ್ಬೀನು ಹಾಕ್ಕೊಂಡು ಊರಾಚೆ ಹುಡುಕ್ತಿದ್ದೆ."

"ಹೆಸರು?"

"ನಂಗೇನು ಓದೋಕೆ ಬರುತ್ತಾ?"

ಇಷ್ಟು ಹತ್ತಿರಕ್ಕೆ ದುರ್ಬೀನು ನಡೆಯದು. ಬರಿಗಣ್ಣಿಗೆ ಎಲ್ಲ ಮಂಜು. ಯೆನೋ ಗೋಡೆಯ ಮೇಲೆ ಹೊಟ್ಟೆ ಹಚ್ಚಿ ಬಾಗಿ, ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿದ. ಗೋರಿಯ ಮೇಲೆ ಬಾಗುವುದೂ ಮೈಲಿಗೆಯೇ. ಶ್ಮುಎಲ್ ಎಂದು ಬಾಯಿಬಿಟ್ಟು ಓದಿದಲ್ಲಿ ಬೆರಳು ನಿಂತಿತು.

"ಇಷ್ಟು ವರ್ಷ ಅಜ್ಜನ ತಲೆ ಮೇಲೆ ಹಂದಿ ಇಟ್ಕೊಂಡು ತಿಂದ್ಯಲ್ಲೋ" ಎಂದಳು ಪಿರೋಷ್ಕಾ. "ಕಾಲು ಅಪ್ಪನದು ಸರಿ. ಈಗ ಒಳಗೆ ಚಾಚಿದೆಯಲ್ಲ, ಈ ಕೈ ಯಾರದು?"

ಯೆನೋ ಕೆತ್ತಿದ ಬೆರಳುಗಳ ಮೇಲೆ ತನ್ನ ಬೆರಳುಗಳನ್ನು ಹೊಂದಿಸಿ ನೋಡುತ್ತಿದ್ದ.

"ಸುಮ್ನಿರೇ," ಎಂದ. "ಅಳತೆ ನೋಡ್ತಿದ್ದೀನಿ."