ಕೋಷ್ಟಕದ ಅಡಿಯ ಸಣ್ಣ ಅಕ್ಷರ

ನವನಗರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಅಟೆಂಡರ್. ಕಲಿತದ್ದು ಏಳನೇ ಇಯತ್ತೆ. ಅದನ್ನು ಮುಚ್ಚಿಡುವ ಮನುಷ್ಯ ನಾನಲ್ಲ. ಎರಡೆರಡು ಡಿಗ್ರಿ ಪಡೆದವರೂ ಪುಸ್ತಕ ಸಿಗದಿದ್ದಾಗ ನನ್ನ ಮೇಜಿನ ಮುಂದೆ ಬಂದೇ ನಿಲ್ಲುತ್ತಾರೆ. ಪುಸ್ತಕ ಇದೆ ಎಂದು ಕಂಪ್ಯೂಟರು ಹೇಳುತ್ತದೆ; ಎಲ್ಲಿದೆ ಎಂದು ನಾನೇ ಹೇಳಬೇಕು.

ಇಲ್ಲಿಗೆ ಬರುವ ಮುಂಚೆ ಇಳಕಲ್ಲಿನಲ್ಲಿ ವರ್ಷಾನುಗಟ್ಟಲೆ ಸೀರೆ ನೇಯ್ದವನು. ಕಾಲೇಜಿಗೆ ಯಾರೇ ಹೊಸಬರು ಬರಲಿ, ಅವರ ಮೊದಲ ಚಹಾ ಮುಗಿಯುವುದರೊಳಗೆ ನನ್ನ ಒಂದು ಮಾತು ಅವರ ಕಿವಿಗೆ ಬಿದ್ದಿರುತ್ತಿತ್ತು. "ನಮ್ಮ ಓಣ್ಯಾಗ ಮಗ್ಗ ಇಲ್ಲದ ಮನೀನ ಇರ್ಲಿಲ್ರಿ. ನಾ ಕಣ್ಣು ಬಿಟ್ಟಿದ್ದು ಮಗ್ಗದ ಕುಣಿ ಬಾಜೂಕ."

ಕುಣಿ ಎಂದರೆ ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿ. ಈ ಮಾತು ಹೋದ ವರ್ಷ ಒಂದು ಹುಡುಗಿಯನ್ನು ಪೇಚಿಗೆ ಸಿಕ್ಕಿಸಿತು.

ಬಾದಾಮಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ, ಬಿ.ಎ. ಕೊನೆಯ ವರ್ಷ. ಅರ್ಥಶಾಸ್ತ್ರದ ಮೇಡಂ ಒಬ್ಬೊಬ್ಬರಿಗೆ ಒಂದೊಂದು ಪ್ರಾಜೆಕ್ಟು ಹಂಚಿದಾಗ ಇವಳ ಪಾಲಿಗೆ ಇಳಕಲ್ಲಿನ ಕೈಮಗ್ಗ ಬಂದಿತ್ತು. ಮೊಬೈಲು ಕೈಯಲ್ಲಿ ಹಿಡಿದು ಬಂದು ನಿಂತಳು.

"ಕಾಕಾ, ಮಗ್ಗದ ಮ್ಯಾಲಿನ ಪುಸ್ತಕ ಎಲ್ಲಿ ಅದಾವ್ರಿ? ನಾ ಮಗ್ಗಾನ ನೋಡಿಲ್ಲ."

"ಪುಸ್ತಕ ಯಾಕವಾ? ನೇಕಾರನ ನಿನ್ನ ಮುಂದ ಕುಂತಾನ. ಬರ್ಕೋ."

"ಅಲ್ರಿ, ಮೇಡಂ ಪುಸ್ತಕ ನೋಡು ಅಂದಾರ."

"ಪುಸ್ತಕ ಬರ್ದವ್ರು ನಮ್ಮಂಥವ್ರನ್ನ ಕೇಳೇ ಬರ್ದಿರ್ತಾರ. ನಡುವಿನವ್ರು ಯಾಕ ಬೇಕು?"

ಎರಡು ದಿನ ಮಧ್ಯಾಹ್ನ ನಾನು ಹೇಳಿದೆ, ಅವಳು ಬರೆದಳು. ಓಣಿಯ ಆ ಮಾತಿನಿಂದಲೇ ಶುರುವಾದ ಮೊದಲ ಅಧ್ಯಾಯ ಮುಗಿಯಿತು. ಮೂರನೆಯ ದಿನ ಆ ಅಧ್ಯಾಯವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು. ಸಾಲು ಸಾಲಿನ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: ಆಧಾರ ಎಲ್ಲಿ?

"ಯಾರು ಹೇಳಿದ್ರು ಅಂತ ಕೇಳಿದ್ರು. ಲೈಬ್ರರಿ ಕಾಕಾ ಅಂದೆ. ಇಡೀ ಕ್ಲಾಸು ನಕ್ತು."

"ಮೇಡಮ್ಮೂ ನಕ್ಕರೇನು?"

"ಇಲ್ರಿ. ಕಾಕಾ ಹೇಳಿದ್ದು ಖರೆ ಇರಬಹುದು, ಖರೆ ಅಂತ ತೋರ್ಸು ಅಂದ್ರು. ಸೋಮವಾರದೊಳಗ ಪುಸ್ತಕ, ಪುಟ ಎರಡೂ ತೋರಿಸ್ಲಿಲ್ಲಂದ್ರ ಪ್ರಾಜೆಕ್ಟ್ ತಗೊಳ್ಳಂಗಿಲ್ಲಂತ. ನನ್ನ ವರ್ಷ ಹೋಗ್ತೈತಿ, ಕಾಕಾ."

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಆ ಮಧ್ಯಾಹ್ನ ಅವಳ ವರ್ಷಕ್ಕಿಂತ ನನ್ನ ಮಾತಿನ ಚಿಂತೆಯೇ ನನಗೆ ಜಾಸ್ತಿಯಾಗಿತ್ತು. ಕ್ಲಾಸು ನಕ್ಕಿತ್ತಲ್ಲ! "ಏಳು, ತೋರಿಸೇ ಬಿಡೋಣು" ಎಂದೆ.

ಕಂಪ್ಯೂಟರಿನಲ್ಲಿ ಅವಳು "ಇಳಕಲ್ ಸೀರೆ" ಎಂದು ಹೊಡೆದಳು. ಬಂದದ್ದು ಒಂದು ಚಿತ್ರಗಳ ಪುಸ್ತಕ. ಸೀರೆ ಉಟ್ಟವರಿದ್ದರು, ನೇಯ್ದವರಿರಲಿಲ್ಲ.

"ಕಾಕಾ, ಏನೂ ಇಲ್ರಿ ಇಲ್ಲಿ."

"ಸೀರಿ ಅಂಗಡ್ಯಾಗ ಬರೇ ರೇಷ್ಮಿ ಅಂತ ಕೇಳಿದ್ರ ಹತ್ತಿ ಸೀರಿ ಬಿಚ್ಚಿ ತೋರಸ್ತಾರೇನು? ಬ್ಯಾರೆ ಬ್ಯಾರೆ ಹೆಸರಿಲೆ ಕೇಳು."

ನೇಕಾರರು, ಕೈಮಗ್ಗ, ಸಣ್ಣ ಉದ್ಯಮ, ಜಿಲ್ಲೆ ಎಂದು ಒಂದೊಂದಾಗಿ ಕೇಳಿದಳು. ಕಪಾಟಿನಿಂದ ನಾಲ್ಕು ಪುಸ್ತಕ ಇಳಿದವು. ಅವುಗಳಲ್ಲೊಂದರ ಕೊನೆಯ ಪುಟಗಳಲ್ಲಿ, ಲೇಖಕರು ತಾವು ನೋಡಿದ ಪುಸ್ತಕಗಳ ಪಟ್ಟಿ ಕೊಟ್ಟಿದ್ದರು. ಅದರಲ್ಲಿ ನೇಕಾರರ ಬಗ್ಗೆ ಸರಕಾರ ಮಾಡಿಸಿದ ಹಳೆಯ ಸಮೀಕ್ಷೆಯ ಹೆಸರಿತ್ತು. ನಮ್ಮ ಕಂಪ್ಯೂಟರಿನಲ್ಲೂ ಇತ್ತು, ಅರ್ಥಶಾಸ್ತ್ರದ ಕಪಾಟಿನಲ್ಲಿ ಮಾತ್ರ ಇರಲಿಲ್ಲ. ನನಗೆ ಗೊತ್ತಿತ್ತು. ಅಗಲವಾದ ಪುಸ್ತಕ, ಕಂದು ಬಟ್ಟೆಯ ರಟ್ಟು, ನಿಲ್ಲಿಸಿದರೆ ಬಾಗುತ್ತದೆಂದು ಕಬ್ಬಿಣದ ಬೀರುವಿನ ಮೇಲೆ ನಾನೇ ಮಲಗಿಸಿದ್ದೆ. ಸ್ಟೂಲು ಹತ್ತಿ ಇಳಿಸಿದೆ. ಇಬ್ಬರೂ ಸೀನಿದೆವು.

ಇಳಕಲ್ಲಿನ ಕೋಷ್ಟಕ ಸಿಕ್ಕಿತು. ನಮ್ಮ ಓಣಿ ಇರುವ ಪೇಟೆಯ ಸಾಲಿನಲ್ಲಿ ಒಟ್ಟು ಮನೆಗಳು ಎಷ್ಟೋ, ನೇಕಾರ ಕುಟುಂಬಗಳೂ ಹೆಚ್ಚುಕಡಿಮೆ ಅಷ್ಟೇ.

"ಕಾಕಾ! ನೀವು ಹೇಳಿದ್ದು ಖರೇನ ಐತ್ರಿ!"

"ಮತ್ತ? ಏನಂತ ತಿಳ್ಕೊಂಡೀ!" ಎಂದು ನಾನು ಕೂಗಿದ ದನಿಗೆ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಗದ್ದಲ ಮಾಡಬೇಡಿ ಎಂದು ಅವರನ್ನು ದಿನಾ ಗದರುವವನು ನಾನೇ. ಅಂದು ನನ್ನನ್ನು ನೋಡಿದ ಅವರ ಕಣ್ಣುಗಳಲ್ಲಿ ಎಷ್ಟೋ ದಿನದ ಸೇಡು ತೀರಿದಂತಿತ್ತು.

ಅವಳು ಬರೆದುಕೊಳ್ಳತೊಡಗಿದಳು. ನನ್ನ ಕಣ್ಣು ಮಾತ್ರ ಕೋಷ್ಟಕದ ಅಡಿಗೆ ಹೋಯಿತು. ಅದು ಮಗ್ಗ ಕಲಿಸಿದ ಚಟ. ಸೀರೆ ಕೊಳ್ಳುವವರು ಮೇಲ್ಭಾಗ ನೋಡುತ್ತಾರೆ. ನೇಯುವವನು ತಿರುವಿ ಹಾಕಿ ಅಡಿಭಾಗ ನೋಡುತ್ತಾನೆ. ಸೀರೆಯ ಮೈಯ ಉದ್ದನೂಲಿಗೆ ಸೆರಗಿನ ಉದ್ದನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಿರುತ್ತೇವೆ, ಒಂದು ಕೊಂಡಿ ತಪ್ಪಿದರೂ ಗೊತ್ತಾಗುವುದು ಅಲ್ಲಿಯೇ.

ಅಡಿಯಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ ಒಂದು ಟಿಪ್ಪಣಿ ಇತ್ತು. ನೂಲು ಸುತ್ತುವವರು, ಬಣ್ಣ ಹಾಕುವವರು, ಮನೆಯಲ್ಲಿ ಮಗ್ಗವೇ ಇಲ್ಲದಿದ್ದರೂ ನೇಕಾರ ಕುಟುಂಬಗಳ ಲೆಕ್ಕದಲ್ಲಿ ಸೇರಿದ್ದಾರಂತೆ. ಮಗ್ಗ ಇರುವ ಮನೆಗಳ ಕೋಷ್ಟಕ ಬೇರೆ, ಮುಂದಿನ ಪುಟದಲ್ಲಿ. ಮೆಲ್ಲಗೆ ತಿರುವಿದೆ. ನಮ್ಮ ಪೇಟೆಯಲ್ಲಿ ಮಗ್ಗ ಇದ್ದದ್ದು ಅರ್ಧದಷ್ಟು ಮನೆಗಳಲ್ಲಿ ಮಾತ್ರ.

ಮೊದಲು ಸಿಟ್ಟು ಬಂತು. ಎಣಿಸಲು ಬಂದ ಪುಣ್ಯಾತ್ಮ ಅರ್ಧ ಓಣಿ ಎಣಿಸಿ ಊಟಕ್ಕೆ ಹೋಗಿರಬೇಕು ಎಂದುಕೊಂಡೆ. ಕನ್ನಡಕ ಒರೆಸುತ್ತಾ ಓಣಿಯ ಮನೆಗಳನ್ನು ಮನಸ್ಸಿನಲ್ಲೇ ನಾನೇ ಎಣಿಸಿದೆ. ಮೊದಲ ಮನೆಯಲ್ಲಿ ಮಗ್ಗ. ಎರಡನೆಯದು ಬಣ್ಣದವರದು. ಮೂರನೆಯದು ನಮ್ಮದು. ಅಲ್ಲೇ ನಿಂತೆ. ನಮ್ಮ ಮನೆಯಲ್ಲಿ ಇದ್ದದ್ದು ಅವ್ವನ ರಾಟಿ. ಲಾಳಿಯೊಳಗೆ ಹಾಕುವ ಕಂಡಿಕೆ ಎಂಬ ಸಣ್ಣ ಕೊಳವೆಗೆ ಅವಳು ನೂಲು ಸುತ್ತುತ್ತಿದ್ದಳು. ಮಗ್ಗದ ಸಪ್ಪಳ ಕೇಳುತ್ತಿದ್ದದ್ದು ಗೋಡೆಯಾಚೆಯ ಮನೆಯಿಂದ. ನಮ್ಮ ಮನೆಗೆ ಮಗ್ಗ ಬಂದದ್ದು ನಾನು ಶಾಲೆ ಬಿಟ್ಟ ಮೇಲೆ. ಕುಣಿ ತೋಡಿದವನು ನಾನೇ! ನಾನೇ ತೋಡಿದ ಕುಣಿಯ ಬಾಜೂಕ ನಾನು ಹುಟ್ಟಿದ್ದು ಹೇಗೆ ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿಕೊಂಡಿರಲಿಲ್ಲ.

ಹುಡುಗಿ ಪೆನ್ನು ಮುಚ್ಚಿದಳು. ಆ ಸಣ್ಣ ಅಕ್ಷರ ಅವಳು ನೋಡಿರಲಿಲ್ಲ. ಮೇಡಂ ನೋಡುತ್ತಿದ್ದರೋ ಇಲ್ಲವೋ. ಪುಸ್ತಕವನ್ನು ಬೀರುವಿನ ಮೇಲಿಟ್ಟು ಚಹಾಕ್ಕೆ ಹೋಗಿದ್ದರೆ ಅವಳ ವರ್ಷವೂ ಉಳಿಯುತ್ತಿತ್ತು, ನನ್ನ ಮೀಸೆಯೂ ಉಳಿಯುತ್ತಿತ್ತು. ಆದರೆ ಕೊಂಡಿ ತಪ್ಪಿದ್ದು ಕಂಡ ಮೇಲೆ ಸೀರೆ ಮಡಚಿ ಕೊಟ್ಟ ಕೈ ನನ್ನದಲ್ಲ.

"ತಂಗಿ, ಕೆಳಗಿಂದು ಓದು."

ಓದಿದಳು. ಮುಂದಿನ ಪುಟವನ್ನೂ ನೋಡಿದಳು. "ಅಂದ್ರ ಕಾಕಾ, ನೀವು ಹೇಳಿದ್ದು..."

"ಅರ್ಧಾ ಖರೆ."

"ನಿಮ್ಮ ಮನ್ಯಾಗರೆ ಮಗ್ಗ ಇತ್ತಿಲ್ಲೋ?"

"ಇತ್ತು. ನಾ ಕುಣಿ ತೋಡಿದ ಮ್ಯಾಲೆ."

ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮನಸಾರೆ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದಳು: "ಹಂಗಾರ ಮಗ್ಗ ಇಲ್ಲದ ಮನ್ಯಾಗ ಏನೇನ್ ಮಾಡ್ತಿದ್ರಿ?"

ಇಷ್ಟು ವರ್ಷ ಮಗ್ಗದ ಬಗ್ಗೆ ಕೇಳಿದವರು ಬಹಳ. ಅವ್ವನ ರಾಟಿಯ ಬಗ್ಗೆ ಕೇಳಿದವಳು ಇವಳೇ ಮೊದಲು. ಅವ್ವ ಜ್ವರ ಬಂದು ಮಲಗಿದರೆ ಪಕ್ಕದ ಎರಡು ಮಗ್ಗ ನಿಲ್ಲುತ್ತಿದ್ದವು ಎಂದು ಹೇಳಿದೆ. ಈ ಸಲ ಅವಳು ಮೇಲೆ ಸಂದರ್ಶನ ಎಂದು ಬರೆದು, ದಿನಾಂಕ ಹಾಕಿ, ಬರೆದದ್ದನ್ನು ನನಗೇ ಓದಿ ತೋರಿಸಿದಳು. ಮೊದಲಿನ ಅಧ್ಯಾಯವನ್ನು ಹರಿದು ಹಾಕಿದಳು. ಶನಿವಾರದವರೆಗೆ ಕೂತು, ಮಗ್ಗವಿಲ್ಲದ ಮನೆಗಳು ಮಗ್ಗಗಳನ್ನು ಹೇಗೆ ನಡೆಸುತ್ತಿದ್ದವು ಎಂದು ಹೊಸದಾಗಿ ಬರೆದಳು. ಪ್ರತಿ ಮಾತಿಗೂ ಪುಸ್ತಕ, ಪುಟ.

ಸೋಮವಾರ ಮೇಡಂ ಓದಿ, ಕೋಷ್ಟಕದ ಅಡಿಯಲ್ಲಿ ನೋಡಲು ಯಾರು ಕಲಿಸಿದರು ಎಂದು ಕೇಳಿದರಂತೆ. ಇವಳು ಮತ್ತೆ "ಲೈಬ್ರರಿ ಕಾಕಾ" ಎಂದಳಂತೆ. ಈ ಸಲ ಯಾರೂ ನಗಲಿಲ್ಲವಂತೆ. ಇದಕ್ಕೆ ಅವಳ ಮಾತು ಬಿಟ್ಟರೆ ನನ್ನಲ್ಲಿ ಬೇರೆ ಆಧಾರವಿಲ್ಲ.

ಪ್ರಾಜೆಕ್ಟು ಪಾಸಾಯಿತು. ಅದರ ಒಂದು ಪ್ರತಿ ಗ್ರಂಥಾಲಯಕ್ಕೆ ಬಂತು, ಚೀಟಿ ಅಂಟಿಸುವ ಕೆಲಸ ನನ್ನದು. ಕೊನೆಯ ಪುಟ ತೆಗೆದೆ. ಸಂದರ್ಶನಗಳ ಪಟ್ಟಿಯಲ್ಲಿ ಮೊದಲನೆಯವನೇ ನಾನು: ಗ್ರಂಥಾಲಯದ ಅಟೆಂಡರ್, ಕಂಡಿಕೆ ಸುತ್ತುವ ಮನೆಯವರು. ಅಷ್ಟೇ. ಮೈ ಉರಿಯಿತು. ಅವಳು ಪುಸ್ತಕ ಮರಳಿಸಲು ಬಂದಾಗ ತಡೆದು ನಿಲ್ಲಿಸಿದೆ.

"ಏನವಾ, ಇಷ್ಟು ವರ್ಷ ಸೀರಿ ನೇಯ್ದದ್ದು ಎಲ್ಲಿ ಹೋತು? ನಾ ನೇಕಾರ ಅಲ್ಲೇನು?"

ಹುಡುಗಿ ಪ್ರಾಜೆಕ್ಟಿನ ಕೊನೆಯ ಪುಟ ತೆಗೆದಳು. ಬೆರಳನ್ನು ಪುಟದ ತಳಕ್ಕೆ ಇಟ್ಟಳು. ಅಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಮುಂದೆ ತಾವೇ ಕುಣಿ ತೋಡಿ, ಮಗ್ಗ ಹೂಡಿ, ನೇಕಾರರಾದವರು.

"ಕಾಕಾ," ಎಂದಳು, "ಕೆಳಗಿಂದು ಓದ್ರಿ."