ಸುಮ್ನ ಕುಂತ ತುಳಜಾರಾಮ

ಮುಡಬಿಯ ತುಳಜಾರಾಮ ಮೀಸೆ ಚಿಗುರಿದಾಗಿನಿಂದ ಎತ್ತಿನ ಬಂಡಿ ಹೊಡೆದವನು. ಕಲ್ಯಾಣ ಪಟ್ಟಣದ ಅಂಗಡಿಗಳಿಗೆ ತೊಗರಿ, ಬೆಲ್ಲ ಎಲ್ಲ ಅವನ ಬಂಡಿಯಲ್ಲೇ ಹೋಗುತ್ತಿದ್ದವು. ಊರಿಗೆ ಲಾರಿ ಬಂದ ಮೇಲೆ ಬಂಡಿ ಅಂಗಳದಲ್ಲಿ ನಿಂತಿತು, ಆತ ಮನೆಯಲ್ಲಿ ಕುಳಿತ. ಸಾರಿಗೆ ಉಪ್ಪು ಯಾವಾಗ ಹಾಕಬೇಕು, ಕಸ ಯಾವ ಕಡೆಯಿಂದ ಗುಡಿಸಬೇಕು ಎಂದು ಹೆಂಡತಿ ಯಶೋದಾಬಾಯಿಗೆ ಪಾಠ ಹೇಳತೊಡಗಿದ. ಕೆಲವು ದಿನ ಸಹಿಸಿದ ಆಕೆ ಒಂದು ಮುಂಜಾನೆ ರೊಟ್ಟಿಯ ಬುತ್ತಿ ಕಟ್ಟಿ ಕೈಗಿಟ್ಟಳು.

“ಸುಮ್ನ ಕೂಡೋದೇ ಇದ್ರ ದೂರ ಎಲ್ಲಿಯಾದ್ರೂ ಹೋಗಿ ಕೂಡ್ರಿ. ನನ್ನ ತಲಿ ತಿನ್ನಬ್ಯಾಡ್ರಿ.”

ತುಳಜಾರಾಮ ಬಸ್ಸು ಹತ್ತಿ ಕಲ್ಯಾಣಕ್ಕೆ ಹೋದ. ಅಲ್ಲೊಂದು ಸರ್ಕಾರಿ ಕಚೇರಿಯ ಎದುರಿನ ಬೇವಿನ ಮರಕ್ಕೆ ಒಳ್ಳೆ ನೆರಳಿತ್ತು, ಕೆಳಗೆ ಕಟ್ಟೆಯೂ ಇತ್ತು. ಕುಳಿತ. ಮರುದಿನವೂ ಬಂದ.

ಅದು ತುರ್ತು ಪರಿಸ್ಥಿತಿಯ ಕಾಲ. ಇಬ್ಬರು ಕೂಡಿ ಸೀನಿದರೂ ಸರ್ಕಾರಕ್ಕೆ ನೆಗಡಿಯಾಗುತ್ತಿತ್ತು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು ಕಿಟಕಿಯಿಂದ ಈ ಆಸಾಮಿಯನ್ನು ದಿನವೂ ನೋಡಿ ನೋಡಿ, ಕೊನೆಗೆ ಹೆಡ್ ಕ್ಲಾರ್ಕ್ ಮಹಾರುದ್ರಪ್ಪನನ್ನು ಕಳಿಸಿದರು.

“ಯಾಕ ಕುಂತಿ?”

“ಸುಮ್ನ ಕುಂತೀನ್ರಿ.”

“ಏನರ ಕೆಲಸ ಅದ ಏನು?”

“ಏನಿಲ್ರಿ. ಸುಮ್ನ.”

ಆ ಒಂದು ಮಾತಿನ ಮೇಲೆ ಕಚೇರಿಯಲ್ಲಿ ಮಧ್ಯಾಹ್ನವಿಡೀ ಚರ್ಚೆಯಾಯಿತು. ಸುಮ್ಮನೆ ಎಂದರೆ ಮೌನ, ಇದು ಮೌನ ಸತ್ಯಾಗ್ರಹವೇ ಸರಿ ಎಂದರು ಸಾಹೇಬರು. ಸುಮ್ಮನೆ ಎಂದರೆ ಪುಕ್ಕಟೆ, ಕೈ ಬಿಸಿ ಮಾಡದೆ ಕೆಲಸ ಮಾಡಿಸಿಕೊಳ್ಳಲು ಬಂದವನು ಎಂದ ಮಹಾರುದ್ರಪ್ಪ. ಟೈಪು ಹೊಡೆಯುವ ನಾಗನಾಥ ದನಿ ತಗ್ಗಿಸಿದ: “ನಮ್ಮ ಕಡಿ ಸುಳ್ಳು ಹೇಳಿ ಸಿಕ್ಕಿಬಿದ್ದಾವನೂ ‘ಸುಮ್ನ ಅಂದೆ’ ಅಂತಾನ್ರಿ. ಇಂವನೂ ಏನೋ ಮುಚ್ಚಿಡ್ತಾನ, ಸಿಐಡಿ ಇರಬೇಕು.”

ಮರುದಿನದಿಂದ ಕಚೇರಿಯ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯಿತು. ವರ್ಷಗಟ್ಟಲೆ ಅಲೆದಿದ್ದ ಮುದುಕಿ ಕೇಶರಬಾಯಿಗೆ ಪಿಂಚಣಿ ಮಂಜೂರಾಯಿತು. ಕೂಡಲು ಕುರ್ಚಿಯನ್ನೂ ಕೊಟ್ಟರು. ಆಕೆ ಹೆದರಿ ಕೂಡಲಿಲ್ಲ. ಸುದ್ದಿ ಹಬ್ಬಿ ಹುಮನಾಬಾದಿನವರೂ ಬಂದು, “ನಮ್ಮ ಕಚೇರಿ ಮುಂದೂ ಒಂದಿನ ಕೂಡ್ರಿ ಕಾಕಾ” ಎಂದು ಗೋಗರೆದರು. ತುಳಜಾರಾಮನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಬಂಡಿ ನಿಂತ ಮೇಲೆ ಮೊದಲ ಸಲ ಯಾರೋ ತನ್ನನ್ನು ಕರೆಯಲು ಬಂದರಲ್ಲ ಎಂದು ಹಿಗ್ಗಿದ.

ಹೀಗೆ ಜನ ಅವನ ಸುತ್ತ ಸೇರತೊಡಗಿದ್ದು ಕಂಡು ಕಡೆಗೆ ಪೊಲೀಸರು ಅವನನ್ನು ಠಾಣೆಗೆ ಒಯ್ದರು.

“ಯಾರು ಕಳಿಸ್ಯಾರ ನಿನ್ನ?” ಎಂದ ಫೌಜದಾರ.

“ಹೆಂಡ್ತಿ ಕಳಿಸ್ಯಾಳ್ರಿ.”

ಆಕೆಯನ್ನೂ ಕರೆಸಿದರು. ಯಶೋದಾಬಾಯಿ ಸೆರಗು ಬಿಗಿದುಕೊಂಡೇ ಬಂದಳು.

“ಏನೂ ಮಾಡದಾವನ್ನ ಯಾಕ ಸುಮ್ನ ಹಿಡಿದೀರಿ?”

“ಸುಮ್ನ ಕೂಡೋದೇ ಅವನ ಗುನ್ಹೆ.”

“ಹಂಗಾದ್ರ ಮೊದ್ಲು ಆ ಕಚೇರಿ ಒಳಗ ಕುಂತಾವ್ರನ್ನ ಹಿಡೀರಿ. ನನ್ನ ಗಂಡ ಪಗಾರಾದ್ರೂ ತಗೊಳ್ಳಂಗಿಲ್ಲ.”

ಪೇದೆಗಳು ಮುಖ ತಿರುಗಿಸಿ ನಕ್ಕರು. ಫೌಜದಾರನೂ ನಗು ತಡೆಯಲಾರದೆ ಅವನನ್ನು ಬಿಟ್ಟುಬಿಟ್ಟ.

ಸಾಹೇಬರು ಮಾತ್ರ ಬಿಡಲಿಲ್ಲ. ‘ಇಲ್ಲಿ ಸುಮ್ಮನೆ ಕೂಡಬಾರದು’ ಎಂದು ಬೇವಿನ ಮರಕ್ಕೆ ಫಲಕ ಹೊಡೆಸಿದರು. ಓದಲು ಬಾರದ ತುಳಜಾರಾಮ ಅದನ್ನು ಮಹಾರುದ್ರಪ್ಪನಿಂದಲೇ ಓದಿಸಿಕೊಂಡು, ನ್ಯಾಯದ ಮಾತೇ ಎಂದು ತಲೆಯಾಡಿಸಿದ. ಮರುದಿನ ಪುಂಡಿನಾರಿನ ಹೊರೆ ತಂದು, ಫಲಕದ ಕೆಳಗೇ ಹಗ್ಗ ಹೊಸೆಯುತ್ತ ಕುಳಿತ. ಸಂತೆಗೆ ಬಂದ ರೈತರು ದನಕ್ಕೆ, ಬಾವಿಗೆ ಎಂದು ಕೊಂಡುಕೊಂಡರು. ಬರಬರುತ್ತ ಅವನಿಗೆ ತಲೆ ಎತ್ತಲೂ ಪುರುಸೊತ್ತು ಉಳಿಯಲಿಲ್ಲ.

ಇವನು ಬರೀ ಹಗ್ಗದವನು ಎಂದು ಖಾತ್ರಿಯಾದ ಮೇಲೆ ಕಚೇರಿಯವರು ನಿಟ್ಟುಸಿರು ಬಿಟ್ಟರು. ಬಾಗಿಲು ಮತ್ತೆ ಬಿಸಿಲೇರಿದ ಮೇಲೆಯೇ ತೆರೆಯತೊಡಗಿತು.